ನವರಸದ ಹೊತ್ತಗೆ: ಆದಿಲಶಾಹಿ ಬಿಜಾಪುರದ ಕವಿ, ಲಿಪಿಕಾರ ಮತ್ತು ಚಿತ್ರಕಾರ

ಕನ್ನಡನಾಡಿನ ಹಳೆಯ ಗ್ರಂಥಸಂಪತ್ತು ಎಂದೊಡನೆ ಮಠಮಾನ್ಯಗಳ ಪರಿಚಯವುಳ್ಳವರ ಕಣ್ಣ ಮುಂದೆ ನಿಲ್ಲುವುದು ಓಲೆಗರಿಯ ಕಟ್ಟು. ಎರಡು ಮರದ ಹಲಗೆಗಳ ನಡುವೆ ದಾರ ಪೋಣಿಸಿ ಕಟ್ಟಿದ, ಎರಡು ಮೂರು ಬೆರಳಗಲದ ನೀಳವಾದ ಗರಿಗಳು. ಕಂಠದಿಂದ ಕೊರೆದು, ಮೇಲೆ ಮಸಿ ತೀಡಿ ಒರೆಸಿದಾಗ ಎದ್ದು ಕಾಣುವ ಅಕ್ಷರಗಳು. ಶೂನ್ಯಸಂಪಾದನೆಗಳು, ಪುರಾಣಗಳು, ವಚನಗಳ ಸಂಕಲನಗಳು ಬಹುಮಟ್ಟಿಗೆ ಈ ರೂಪದಲ್ಲಿಯೇ ಉಳಿದು ಬಂದವು. ಇಂತಹ ಗರಿಯ ಮೇಲೆ ಚಿತ್ರಕ್ಕೆ ಎಡೆ ಕಡಮೆ. ಮೂಡಬಿದರೆಯ ಧವಲಾ ಹಸ್ತಪ್ರತಿಯ ಬಣ್ಣದ ಗರಿಗಳಂತಹ ಅಪೂರ್ವ ಉದಾಹರಣೆಗಳನ್ನು ಬಿಟ್ಟರೆ ಕನ್ನಡದ ಓಲೆಗ್ರಂಥವು ಕಣ್ಣಿಗಾಗಿ ಸಿಂಗರಿಸಿಕೊಂಡದ್ದು ವಿರಳ. ಅದು ಕಿವಿಗೆ ಮೀಸಲಾದ ಗ್ರಂಥ. ಕವಿ ಹೇಳಿದ, ಲಿಪಿಕಾರ ಬರೆದ, ಗಮಕಿ ಓದಿದ, ಭಕ್ತರು ಕೇಳಿದರು. ಕಥೆಗೆ ಬಣ್ಣ ಕೊಡುವ ಹೊಣೆ ಅಲ್ಲಿ ಗಮಕಿಯ ಕಂಠದ್ದಾಗಿತ್ತು.

ಇದೇ ನಾಡಿನಲ್ಲಿ, ಬಸವಣ್ಣನವರು ಹುಟ್ಟಿದ ಬಾಗೇವಾಡಿಗೆ ಬಹುದೂರವಲ್ಲದ ಬಿಜಾಪುರದಲ್ಲಿ, 16ನೆಯ ಶತಮಾನದ ಉತ್ತರಾರ್ಧದಿಂದ 17ನೆಯ ಶತಮಾನದ ಮೊದಲ ಭಾಗದವರೆಗೆ ಮತ್ತೊಂದು ಬಗೆಯ ಗ್ರಂಥಪರಂಪರೆ ಬೆಳೆದಿತ್ತು. ಅದು ಕಾಗದದ ಪರಂಪರೆ. ಕವಿ, ಲಿಪಿಕಾರ, ಚಿತ್ರಕಾರ, ಹೊನ್ನಿನ ಕೆಲಸದವನು, ರಟ್ಟು ಕಟ್ಟುವವನು, ಇಷ್ಟು ಜನ ಕೂಡಿ ಒಂದು ಹೊತ್ತಗೆಯನ್ನು ಮಾಡುತ್ತಿದ್ದ ಪರಂಪರೆ. ಆದಿಲಶಾಹಿಗಳ ಗುಮ್ಮಟಗಳನ್ನು ಕಂಡವರು ಲಕ್ಷಗಟ್ಟಲೆ. ಅವರ ಹೊತ್ತಗೆಗಳನ್ನು ಕಂಡವರು ಬೆರಳೆಣಿಕೆಯಷ್ಟು. ಈ ಹೊತ್ತಗೆಗಳ ವಿಷಯದಲ್ಲಿ ವಿಚಾರಿಸಬೇಕಾದ ಮುಖ್ಯ ಪ್ರಶ್ನೆಯೊಂದಿದೆ. ಚಿತ್ರವು ಕಾವ್ಯಕ್ಕೆ ತೊಡಿಸಿದ ಬರಿಯ ಆಭರಣವೆ? ಅಥವಾ ಚಿತ್ರಕಾರನು ಕಾವ್ಯವನ್ನು ಓದಿ, ಅದರ ಒಳಗನ್ನು ತಿಳಿದು, ತನ್ನ ಮಾತನ್ನೂ ಅದಕ್ಕೆ ಸೇರಿಸಿದನೆ?

ಮೊದಲು ಹೊತ್ತಗೆಯ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯುವುದು ಲೇಸು. ಚಿಂದಿಬಟ್ಟೆಯ ನಾರಿನಿಂದ ಮಾಡಿದ ಕಾಗದಕ್ಕೆ ಗಂಜಿ ಬಳಿದು, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಗೆರೆ ಎಳೆಯಲು ಮಸಿ ಬೇಕಿರಲಿಲ್ಲ. ರಟ್ಟಿನ ಮೇಲೆ ಸಾಲು ಸಾಲಾಗಿ ದಾರ ಬಿಗಿದ 'ಮಿಸ್ತರ'ವೆಂಬ ಸಾಧನದ ಮೇಲೆ ಹಾಳೆಯನ್ನಿಟ್ಟು ಒತ್ತಿದರೆ ದಾರದ ಗುರುತು ಹಾಳೆಯ ಮೇಲೆ ಮೂಡುತ್ತಿತ್ತು. ಆ ಗುರುತಿನ ಮೇಲೆ ಲಿಪಿಕಾರನು ಜೊಂಡಿನ ಲೇಖನಿಯಿಂದ, ಕಾಡಿಗೆಗೆ ಅಂಟು ಬೆರೆಸಿ ಮಾಡಿದ ಮಸಿಯಲ್ಲಿ ಬರೆಯುತ್ತಿದ್ದನು. ಬರೆಯುವಾಗಲೇ ಚಿತ್ರಕ್ಕೆ ಎಷ್ಟು ಸ್ಥಳ ಬಿಡಬೇಕು, ಯಾವ ಪದ್ಯದ ಬಳಿ ಬಿಡಬೇಕು ಎಂಬುದು ನಿಶ್ಚಯವಾಗಬೇಕು. ಆದುದರಿಂದ ಚಿತ್ರಕಾರನು ಕುಂಚ ಹಿಡಿಯುವ ಮೊದಲೇ ಅವನ ಕೆಲಸದ ಒಂದು ಭಾಗವನ್ನು ಮತ್ತೊಬ್ಬನು ತೀರ್ಮಾನಿಸಿರುತ್ತಿದ್ದನು. ಬಳಿಕ ಹರಿದಾಳದ ಹಳದಿ, ಇಂಗಲೀಕದ ಕೆಂಪು, ದೂರದ ಬದಖ್‌ಶಾನದಿಂದ ಬಂದ ನೀಲಿಕಲ್ಲಿನ ಪುಡಿ, ಅರೆದ ಚಿನ್ನ, ಇವುಗಳಿಂದ ಚಿತ್ರ ತುಂಬುತ್ತಿತ್ತು. ಅಂಚುಗಳಿಗೆ ಹೊನ್ನಿನ ಬಳ್ಳಿಗಳು ಹಬ್ಬುತ್ತಿದ್ದವು. ದಖನಿನ ಕುಶಲಿಗಳಿಗೆ 'ಅಬ್ರಿ' ಎಂಬ ಕಾಗದದಲ್ಲಿ ವಿಶೇಷ ಪಳಗಿಕೆಯಿತ್ತು. ಅಂಟುನೀರಿನ ಮೇಲೆ ಬಣ್ಣಗಳನ್ನು ತೇಲಿಸಿ, ಕದಡಿ, ಅದರ ಮೇಲೆ ಹಾಳೆಯನ್ನು ಹಾಸಿ ತೆಗೆದರೆ ಮೋಡಗಳು ಹರಿದಾಡಿದಂತಹ ಬಣ್ಣದ ಕಾಗದವಾಗುತ್ತದೆ. ಅಬ್ರ್ ಎಂದರೆ ಪಾರಸಿಯಲ್ಲಿ ಮೋಡವೆಂದೇ ಅರ್ಥ. ಹಾಳೆಯ ಬೇಕಾದ ಭಾಗವನ್ನು ಮಾತ್ರ ಬಣ್ಣಕ್ಕೆ ತೆರೆದಿಟ್ಟು, ಉಳಿದುದನ್ನು ಮರೆಮಾಡಿ, ಮನುಷ್ಯರ ಮತ್ತು ಪ್ರಾಣಿಗಳ ಆಕಾರಗಳನ್ನೇ ಈ ಅಬ್ರಿಯಿಂದ ಮೂಡಿಸುವ ಕಲೆ ದಖನಿನಲ್ಲಿ ಬಹಳ ಎತ್ತರಕ್ಕೆ ಏರಿತು.

ಒಂದನೆಯ ಅಲಿ ಆದಿಲಶಹನ (ಆಳ್ವಿಕೆ 1558-1580) ಕಾಲಕ್ಕಾಗಲೇ ಬಿಜಾಪುರದ ಅರಮನೆಯ ಗ್ರಂಥಾಲಯವು ಪುಸ್ತಕಗಳನ್ನು ಕೂಡಿಡುವ ಕೋಣೆ ಮಾತ್ರವಾಗಿರದೆ ಪುಸ್ತಕಗಳನ್ನು ಹುಟ್ಟಿಸುವ ಕಾರ್ಖಾನೆಯಾಗಿತ್ತು. ಲಿಪಿಕಾರರು, ಹೊನ್ನಿನ ಕೆಲಸದವರು, ರಟ್ಟು ಕಟ್ಟುವವರು, ಅಂಚು ಬರೆಯುವವರು ಸೇರಿ ಸುಮಾರು 60 ಜನ ಅಲ್ಲಿ ದಿನವಿಡೀ ದುಡಿಯುತ್ತಿದ್ದರೆಂದು ಸಮಕಾಲೀನ ಚರಿತ್ರಕಾರ ರಫಿಯುದ್ದೀನ ಶಿರಾಜಿಯು ಬರೆದಿಟ್ಟಿದ್ದಾನೆ. ಆ ಗ್ರಂಥಾಲಯದ ಸೇವೆಯಲ್ಲಿ ಶೇಷ ವಾಮನ ಪಂಡಿತನೆಂಬ ಬ್ರಾಹ್ಮಣ ವಿದ್ವಾಂಸನಿದ್ದನು. ಅವನಿಗೆ 1000 ಹೊನ್ನಿನ ವೇತನ ಗೊತ್ತುಮಾಡಿದ ಅರಮನೆಯ ಪತ್ರವು ಇತಿಹಾಸಕಾರರಿಗೆ ದೊರೆತಿದೆ. ಸಂಸ್ಕೃತ, ಪಾರಸಿ, ಅರಬ್ಬಿ, ದಖನಿ ಭಾಷೆಗಳು ಒಂದೇ ಸೂರಿನ ಕೆಳಗೆ ಕುಳಿತಿದ್ದ ಸ್ಥಳವದು. 1570ರಲ್ಲಿ ಸಿದ್ಧವಾದ 'ನುಜೂಮ್-ಉಲ್-ಉಲೂಮ್' ಎಂಬ ಜ್ಯೋತಿಷ-ವಿಜ್ಞಾನಗಳ ಮಹಾಗ್ರಂಥವು ಇದಕ್ಕೆ ಸಾಕ್ಷಿ. ನೂರಾರು ಚಿತ್ರಗಳಿರುವ ಆ ಪ್ರತಿ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರ ಕರ್ತೃ ಸ್ವತಃ ಅಲಿ ಆದಿಲಶಹನೇ ಎಂಬುದು ಇತ್ತೀಚಿನ ಸಂಶೋಧಕರ ಅಭಿಪ್ರಾಯ. ಆದರೆ ಅದು ಶಾಸ್ತ್ರಗ್ರಂಥ. ಶಾಸ್ತ್ರದ ಚಿತ್ರವು ಹೇಳಿದುದನ್ನು ತೋರಿಸಿದರೆ ಸಾಕು. ಕಾವ್ಯದ ಚಿತ್ರಕ್ಕೆ ಅಷ್ಟು ಸಾಲದು.

ಕಾವ್ಯ ಮತ್ತು ಚಿತ್ರಗಳ ಸಂಬಂಧವು ಎಷ್ಟು ಸೂಕ್ಷ್ಮವಾದುದು, ಒಮ್ಮೊಮ್ಮೆ ಎಷ್ಟು ಅಪಾಯದ್ದು ಎಂಬುದಕ್ಕೆ ನೆರೆಯ ಅಹಮದನಗರದ ಒಂದು ಗ್ರಂಥವನ್ನು ಇಲ್ಲಿ ನೆನೆಯಬೇಕು. ಆಫ್ತಾಬಿ ಎಂಬ ಕವಿ ಹುಸೇನ ನಿಜಾಮಶಹನನ್ನು ಕುರಿತು ಬರೆದ 'ತಾರೀಫ್-ಎ-ಹುಸೇನಶಾಹಿ' 1565ರ ರಕ್ಕಸ-ತಂಗಡಿ ಯುದ್ಧವನ್ನು ವರ್ಣಿಸುವ ಪಾರಸಿ ಕಾವ್ಯ. ಅದರ ಸಚಿತ್ರ ಪ್ರತಿಯು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಕವಿಯು ಅರಸನ ಜೊತೆಗೆ ಅವನ ರಾಣಿ ಖುಂಜಾ ಹುಮಾಯೂನಳನ್ನೂ ಮನಸಾರೆ ವರ್ಣಿಸಿದನು. ಚಿತ್ರಕಾರನು ಅರಸನ ಪಕ್ಕದಲ್ಲಿ ಆಕೆಯನ್ನು ಕುಳ್ಳಿರಿಸಿದನು. ಅರಸನು ತೀರಿದ ಮೇಲೆ ಆಡಳಿತ ನಡೆಸಿದ ಆ ರಾಣಿ 1569ರಲ್ಲಿ ತನ್ನ ಮಗನಿಂದಲೇ ಸೆರೆಯಾದಳು. ಇಂದು ಆ ಪ್ರತಿಯನ್ನು ತೆರೆದರೆ ಹಲವು ಚಿತ್ರಗಳಲ್ಲಿ ರಾಣಿಯ ಆಕೃತಿಯನ್ನು ಯಾರೋ ಒರೆಸಿಹಾಕಿರುವುದು ಕಾಣುತ್ತದೆ. ಅರಸನು ಬಣ್ಣದ ಕಲೆಯೊಂದನ್ನು ತೋಳಿನಿಂದ ಬಳಸಿ ಕುಳಿತಂತಿದೆ. ಅಳಿಸಿದವನಿಗೆ ಪದ್ಯಕ್ಕಿಂತ ಚಿತ್ರವೇ ಹೆಚ್ಚು ಭಯಂಕರವಾಗಿ ತೋರಿರಬೇಕು. ಓದು ಬಲ್ಲವರು ಕೆಲವರು, ಕಣ್ಣುಳ್ಳವರು ಎಲ್ಲರೂ.

ಬಿಜಾಪುರಕ್ಕೆ ಮರಳಿದರೆ, ಮೇಲಿನ ಪ್ರಶ್ನೆಗೆ ಅತ್ಯಂತ ಸಮರ್ಪಕವಾದ ಉತ್ತರವು 'ಪೇಮ್ ನೇಮ್' ಎಂಬ ಕಾವ್ಯದ ಹಸ್ತಪ್ರತಿಯಲ್ಲಿ ದೊರೆಯುತ್ತದೆ. ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರೇಮದ ನೇಮವೆಂದರೆ ಆಯಿತು. ಎರಡನೆಯ ಇಬ್ರಾಹಿಮ ಆದಿಲಶಹನ ಆಳ್ವಿಕೆಯಲ್ಲಿ, 1590ರ ಸುಮಾರಿಗೆ, ಹಸನ್ ಮಂಝು ಖಲ್ಜಿ ಎಂಬ ಕವಿ ದಖನಿ ಭಾಷೆಯಲ್ಲಿ ಇದನ್ನು ರಚಿಸಿದನು. ಅದೇ ಕಾಲಾವಧಿಯಲ್ಲಿ, 1584ರಲ್ಲಿ, ಕನ್ನಡದಲ್ಲಿ ವಿರೂಪಾಕ್ಷ ಪಂಡಿತನು ಚೆನ್ನಬಸವಪುರಾಣವನ್ನು ಮುಗಿಸಿದ್ದನೆಂಬುದನ್ನು ನೆನಪಿನಲ್ಲಿಟ್ಟರೆ ಕಾಲದ ಕಲ್ಪನೆ ಸ್ಪಷ್ಟವಾಗುತ್ತದೆ. ಪೇಮ್ ನೇಮಿನ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದ್ದು ಅದರಲ್ಲಿ 34 ಚಿತ್ರಗಳಿವೆ.

ಕಥೆ ಸೂಫಿಗಳ ಪ್ರೇಮಾಖ್ಯಾನಗಳ ಜಾಡಿನದು. ಶಾಹಜಿ ಎಂಬ ರಾಜಕುಮಾರನು ಮಾಹಜಿ ಎಂಬ ರಾಜಕುಮಾರಿಯ ರೂಪವನ್ನು ತನ್ನ ಹೃದಯದಲ್ಲಿ ಹೊತ್ತು ಆಕೆಗಾಗಿ ಹಂಬಲಿಸುತ್ತಾನೆ. ಲೋಕದ ಪ್ರೇಮಕಥೆಗಳಲ್ಲಿ ನಾಯಕನು ನಾಯಿಕೆಯನ್ನು ಕಂಡೊಡನೆ ಕಥೆ ಕೊನೆಮುಟ್ಟಬೇಕು. ಇಲ್ಲಿ ಹಾಗಲ್ಲ. ಆಕೆ ಪ್ರತ್ಯಕ್ಷವಾಗಿ ಎದುರು ಬಂದು ನಿಂತಾಗ ಅವನು ಆಕೆಯನ್ನು ಒಪ್ಪಿಕೊಳ್ಳುವುದಿಲ್ಲ. ತನ್ನ ಎದೆಯೊಳಗಿರುವುದೇ ನಿಜ, ಎದುರಿಗಿರುವುದು ಅದರ ಪ್ರತಿಬಿಂಬ ಮಾತ್ರ ಎಂದು ಬಗೆದು ಅಗಲಿ ಹೋಗುತ್ತಾನೆ. ಒಳಗಿನ ರೂಪವೂ ಹೊರಗಿನ ರೂಪವೂ ಒಂದೇ ಎಂಬ ಅರಿವು ಮೂಡುವ ತನಕ ವಿರಹ ತಪ್ಪದು. ಅರಿವು ಮೂಡಿದ ಮೇಲೆಯೇ ಮಿಲನ.

ಈ ಸೂಕ್ಷ್ಮವಾದ ತತ್ತ್ವವನ್ನು ಕವಿ ಮಾತಿನಲ್ಲಿ ಹೇಳಿಬಿಡಬಲ್ಲನು. ಹೃದಯದಲ್ಲಿ ಹೊತ್ತನು ಎಂದರೆ ಓದುಗನು ಅದನ್ನು ಅಲಂಕಾರದ ಮಾತೆಂದು ತಿಳಿದು ಮುಂದೆ ಸಾಗುತ್ತಾನೆ. ಚಿತ್ರಕಾರನಿಗೆ ಆ ಸೌಲಭ್ಯವಿಲ್ಲ. ಅವನು ಹೃದಯವನ್ನು ಬರೆಯಲಾರನು, ಹೃದಯದೊಳಗಿನದನ್ನು ಬರೆಯುವುದಂತೂ ದೂರ. ಪೇಮ್ ನೇಮಿನ ಚಿತ್ರಕಾರರು ಮಾಡಿದ್ದೇನು? ಶಾಹಜಿಯ ಎದೆಯ ಮೇಲೆಯೇ, ಉಡುಪಿನ ಮೇಲೆ ಕಾಣುವಂತೆ, ಮಾಹಜಿಯ ಚಿಕ್ಕದೊಂದು ರೂಪವನ್ನು ಬರೆದರು. ರಾಜಕುಮಾರನು ಎಲ್ಲಿ ಹೋದರೂ, ಯಾರೊಡನೆ ಮಾತಾಡಿದರೂ ಆ ರೂಪವು ಅವನ ಎದೆಯ ಮೇಲಿದೆ. ಕವಿಯ ಒಂದು ಅಲಂಕಾರವು ಹಾಳೆಯಿಂದ ಹಾಳೆಗೆ ಕಣ್ಣಿಗೆ ಬೀಳುವ ವಸ್ತುವಾಯಿತು. ನೋಡುವವನಿಗೆ ಶಾಹಜಿಯ ಭ್ರಮೆ ಮೂರ್ಖತನವಾಗಿ ತೋರುವುದಿಲ್ಲ. ಎದೆಯ ಮೇಲಿನ ರೂಪವನ್ನು ತಾನೂ ಕಾಣುತ್ತಿರುವುದರಿಂದ ಎರಡರಲ್ಲಿ ನಿಜವಾವುದು ಎಂಬ ಸಂದೇಹ ಅವನಿಗೂ ಹುಟ್ಟುತ್ತದೆ. ಕಾವ್ಯದ ಮಧ್ಯದಲ್ಲಿರುವ ಸಮಸ್ಯೆಯನ್ನು ಚಿತ್ರಕಾರನು ಅರಿತಿರದಿದ್ದರೆ ಈ ಯುಕ್ತಿ ಹೊಳೆಯುತ್ತಿರಲಿಲ್ಲ. ಹಾಡಿಗೆ ಹಿಮ್ಮೇಳದಂತೆ ಒದಗುವ ಚಿತ್ರವಲ್ಲ ಇದು. ಕಾವ್ಯಕ್ಕೆ ಬಣ್ಣದಲ್ಲಿ ಬರೆದ ವ್ಯಾಖ್ಯಾನ.

ಎದೆಯ ಮೇಲೆ ಧರಿಸಿದ ಈ ರೂಪವನ್ನು ಕಂಡಾಗ ವೀರಶೈವ ಓದುಗನಿಗೆ ಇಷ್ಟಲಿಂಗದ ನೆನಪಾಗುವುದು ಸಹಜ. ಅಂಗದ ಮೇಲಿನ ಲಿಂಗವು ಹೊರಗಿನದಾಗಿ ಉಳಿಯದೆ ಪ್ರಾಣಲಿಂಗವಾಗಿ, ಭಾವಲಿಂಗವಾಗಿ ಒಳಸರಿಯುವ ಕ್ರಮವನ್ನು ಶರಣರು ಬೋಧಿಸಿದರು. ಒಂದರಿಂದ ಮತ್ತೊಂದು ಬಂದಿತೆಂದು ಹೇಳಲು ಆಧಾರವಿಲ್ಲ. ಹಾಗೆ ಹೇಳುವುದು ಸಂಶೋಧನೆಯ ಮರ್ಯಾದೆಯನ್ನು ಮೀರಿದಂತಾಗುತ್ತದೆ. ದಾರಿಯ ದಿಕ್ಕೂ ಬೇರೆ. ಶರಣನು ಕರಸ್ಥಲದಲ್ಲಿ ಕಣ್ಣಾರೆ ಕಂಡುದನ್ನು ಒಳಗೆ ನೆಲೆಗೊಳಿಸಿಕೊಳ್ಳುತ್ತಾನೆ. ಶಾಹಜಿ ಒಳಗೆ ಕಂಡುದನ್ನು ಹೊರಗೆ ಗುರುತಿಸಲು ಕಲಿಯಬೇಕಾಗಿದೆ. ಆದರೂ ಒಳಗು-ಹೊರಗುಗಳ ಈ ಪ್ರಶ್ನೆಯು ಒಂದೇ ನೆಲದಲ್ಲಿ ಎರಡು ಪಂಥಗಳ ಸಾಧಕರನ್ನು ಕಾಡಿತ್ತೆಂಬುದು ತೌಲನಿಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಈ ಚಿತ್ರಗಳನ್ನು ಬರೆದವರು ಒಬ್ಬರಲ್ಲ. ಒಂದಕ್ಕಿಂತ ಹೆಚ್ಚು ಕೈಗಳ ಕೆಲಸವನ್ನು ಕಲಾ ಇತಿಹಾಸಕಾರರು ಅವುಗಳಲ್ಲಿ ಗುರುತಿಸಿದ್ದಾರೆ. ಎದೆಯ ಮೇಲಿನ ರೂಪವೆಂಬ ಕಲ್ಪನೆ ಮಾತ್ರ ಕೈಯಿಂದ ಕೈಗೆ ಕೆಡದೆ ಸಾಗಿದೆ. ಕಾರ್ಖಾನೆಯಲ್ಲಿ ಕೂಡಿ ಕುಳಿತು ಒಪ್ಪಿಕೊಂಡ ಮಾತಿದು ಎನ್ನಲು ಅಡ್ಡಿಯಿಲ್ಲ. ಕವಿಯ ಹೆಸರು ಉಳಿದಿದೆ. ಆ ಚಿತ್ರಕಾರರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ಕಲ್ಯಾಣದಲ್ಲಿ ಕಾಯಕವೇ ಹೆಸರಿಗೆ ಕಿರೀಟವಾಗಿ ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ ಎಂದು ಜನ ಇಂದಿಗೂ ಸ್ಮರಿಸುತ್ತಾರೆ. ಅರಮನೆಯ ಕಾರ್ಖಾನೆಯಲ್ಲಿ ಕಾಯಕವುಳಿಯಿತು, ಕಾಯಕದವನು ಅಳಿದನು.

ಇನ್ನು ಈ ಪರಂಪರೆಯ ನಡುಮನೆಯಾದ ಎರಡನೆಯ ಇಬ್ರಾಹಿಮ ಆದಿಲಶಹನ ವಿಷಯ. ಚಿಕ್ಕಪ್ರಾಯದಲ್ಲಿ, 1580ರಲ್ಲಿ, ಪಟ್ಟವೇರಿ ಚಾಂದಬೀಬಿಯ ಪೋಷಣೆಯಲ್ಲಿ ಬೆಳೆದು 1627ರವರೆಗೆ ಆಳಿದ ಈ ಅರಸನು ಸ್ವತಃ ಕವಿ, ಗಾಯಕ, ತಂಬೂರಿಯ ವಾದಕ. ಜನರು ಅವನನ್ನು ಜಗದ್ಗುರು ಎಂದು ಕರೆದರು. ಅವನು ದಖನಿಯಲ್ಲಿ ರಚಿಸಿದ ಗೀತಗಳ ಸಂಕಲನವೇ 'ಕಿತಾಬ್-ಎ-ನವರಸ'. ಅದರಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ; ಹಾಡುಗಳನ್ನು ಭೈರವ, ಆಸಾವರಿ, ಮಲ್ಹಾರ, ಕಲ್ಯಾಣ ಮುಂತಾದ ರಾಗಗಳ ಹೆಸರಿನಡಿಯಲ್ಲಿ ಜೋಡಿಸಲಾಗಿದೆ. ಸರಸ್ವತಿ, ಗಣಪತಿ, ಪ್ರವಾದಿ ಮಹಮ್ಮದರು, ಗುಲ್ಬರ್ಗೆಯ ಖ್ವಾಜಾ ಬಂದೇನವಾಜರು, ಇವರೆಲ್ಲರ ಸ್ತುತಿಯ ಜೊತೆಗೆ ಅರಸನ ರಾಣಿ ಚಾಂದ ಸುಲ್ತಾನಾ, ಆನೆ ಆತಶಖಾನ, ಮೋತಿಖಾನನೆಂಬ ಹೆಸರಿನ ಅವನ ತಂಬೂರಿ ಕೂಡ ಹಾಡುಗಳಲ್ಲಿ ಬರುತ್ತವೆ. ತಂಬೂರಿಗೆ ಖಾನನೆಂಬ ಬಿರುದು ಕೊಟ್ಟು ಅದನ್ನು ಆಸ್ಥಾನದ ಒಬ್ಬ ಸರದಾರನಂತೆ ಕಂಡ ಅರಸನ ಪ್ರೀತಿ ಮುಗುಳುನಗೆ ತರಿಸುತ್ತದೆ.

ನವರಸವೆಂಬ ಒಂದು ಪದದ ಮೇಲೆ ಅವನಿಗಿದ್ದ ವ್ಯಾಮೋಹ ಅಸಾಧಾರಣವಾದುದು. 1599ರಲ್ಲಿ ಬಿಜಾಪುರದ ಪಡುವಣಕ್ಕೆ ಕಟ್ಟಲು ತೊಡಗಿದ ಹೊಸ ನಗರಕ್ಕೆ ನವರಸಪುರವೆಂದೇ ಹೆಸರಿಟ್ಟನು. ಅರಮನೆ, ಉತ್ಸವ ಎಲ್ಲವೂ ನವರಸವಾದವು. ಭರತಮುನಿಯಿಂದ ಬಂದ ರಸದ ಕಲ್ಪನೆಗೆ ಪಾರಸಿಯಲ್ಲಿ 'ಹೊಸದಾಗಿ ಮಾಗಿ ಬಂದದ್ದು' ಎಂಬ ಅರ್ಥವೂ ಕೂಡಿಕೊಂಡಿತು. ಈ ಶ್ಲೇಷೆಯನ್ನು ಪಾರಸಿ ಬಲ್ಲವರಿಗೆ ವಿವರಿಸಿದವನು ಆಸ್ಥಾನಕವಿ ಜಹೂರಿ. ಖುರಾಸಾನದ ತುರ್ಶೀಜಿನಿಂದ ಬಂದು, ಅಹಮದನಗರದಲ್ಲಿ ಹೆಸರು ಮಾಡಿ, ಬಿಜಾಪುರದಲ್ಲಿ ನೆಲೆನಿಂತ ಈತನು ಅರಸನ ದಖನಿ ಹಾಡುಗಳ ಪುಸ್ತಕಕ್ಕೆ ಪಾರಸಿ ಗದ್ಯದಲ್ಲಿ ಮುನ್ನುಡಿ ಬರೆದನು. ಕಾಡುಮಾತೆಂದು ಪಾರಸಿಗರು ಬದಿಗೊತ್ತಬಹುದಾಗಿದ್ದ ದೇಶಭಾಷೆಯ ಕೃತಿಗೆ ಆ ಕಾಲದ ಅತ್ಯಂತ ಬೆಡಗಿನ ಪಾರಸಿ ಗದ್ಯವು ಬಾಗಿಲು ಕಾಯ್ದಂತಾಯಿತು. ಅವನ ಇನ್ನೊಂದು ಗದ್ಯಕೃತಿ 'ಖ್ವಾನ್-ಎ-ಖಲೀಲ್' ಈ ಲೇಖನದ ದೃಷ್ಟಿಯಿಂದ ಇನ್ನೂ ಮುಖ್ಯ. ಅದರಲ್ಲಿ ಅವನು ಆಸ್ಥಾನದ ಗಣ್ಯರನ್ನು ಒಬ್ಬೊಬ್ಬರನ್ನಾಗಿ ಹೊಗಳುವಾಗ ತನ್ನ ಮಾವನಾದ ಕವಿ ಮಲಿಕ್ ಕುಮ್ಮಿಯ ಸಾಲಿನಲ್ಲಿಯೇ ಲಿಪಿಕಾರ ಖಲೀಲುಲ್ಲಾನನ್ನೂ ಚಿತ್ರಕಾರ ಫರ್ರುಖ ಹುಸೇನನನ್ನೂ ನಿಲ್ಲಿಸುತ್ತಾನೆ. ಅರಸನೂ ಬರೆವಣಿಗೆಯಲ್ಲಿ, ಚಿತ್ರದಲ್ಲಿ ನಿಪುಣನೆಂಬ ಅವನ ಹೊಗಳಿಕೆಯನ್ನು ಆಸ್ಥಾನಕವಿಯ ಮಾತೆಂದು ತೂಗಿ ನೋಡಬೇಕು. ಆದರೆ ಕವಿ, ಲಿಪಿಕಾರ, ಚಿತ್ರಕಾರರನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದ ಕವಿಯ ದೃಷ್ಟಿಯನ್ನು ಹಾಗೆ ತಳ್ಳಿಹಾಕಲಾಗದು.

ನವರಸದ ಹಾಡುಗಳಲ್ಲಿ ಹಲವು ಸ್ವಭಾವತಃ ಚಿತ್ರಗಳೇ. ರಾಗವೊಂದನ್ನು ದೇವತೆಯಾಗಿ ಅಥವಾ ನಾಯಕ-ನಾಯಿಕೆಯಾಗಿ ಧ್ಯಾನಿಸುವ ಭಾರತೀಯ ಸಂಗೀತಗಾರರ ಪದ್ಧತಿಯನ್ನು ಇಬ್ರಾಹಿಮನು ತನ್ನದಾಗಿ ಮಾಡಿಕೊಂಡಿದ್ದನು. ಭೈರವರಾಗವನ್ನು ಅವನು ಸಾಕ್ಷಾತ್ ಶಿವನನ್ನಾಗಿ ಕಂಡಿದ್ದಾನೆ. ಮೈಯ ಬಿಳುಪು, ಮುಕ್ಕಣ್ಣು, ಜಟೆಯ ಗಂಗೆ, ಚಂದ್ರ, ನಂದಿವಾಹನ, ಯಾವುದನ್ನೂ ಬಿಟ್ಟಿಲ್ಲ. ಶಿವನ ಧ್ಯಾನಶ್ಲೋಕಗಳನ್ನು ಬಲ್ಲ ಭಕ್ತನು ಆ ಹಾಡಿನಲ್ಲಿ ಅಪರಿಚಿತವಾದ ಒಂದು ಲಕ್ಷಣವನ್ನೂ ಕಾಣಲಾರನು. ಚಿತ್ರಕಾರನಿಗೆ ಇಂತಹ ಹಾಡು ಸಿದ್ಧವಾದ ಲಕ್ಷಣಗ್ರಂಥ. ಇಲ್ಲಿ ಕವಿ ಮೊದಲು ಕಣ್ಣಿನಿಂದ ಕಂಡು ಬಳಿಕ ಕಿವಿಗೆ ಒಪ್ಪಿಸಿದ್ದಾನೆ. ಚಿತ್ರಕಾರನು ಅದನ್ನು ಕಣ್ಣಿಗೆ ಹಿಂದಿರುಗಿಸಬೇಕು.

ಹಾಗೆ ಹಿಂದಿರುಗಿಸಿದ ಒಂದು ಚಿತ್ರ ಉಳಿದಿದೆ. 1604ರ ಸುಮಾರಿಗೆ ಫರ್ರುಖ ಹುಸೇನನು ಬರೆದ ಸರಸ್ವತಿ ಅದು. ಜಯಪುರದ ಒಂದು ಸಂಗ್ರಹಕ್ಕೆ ಸೇರಿದೆ. ಚಿನ್ನದ ಪೀಠದ ಮೇಲೆ ವೀಣಾಪಾಣಿಯಾಗಿ ಕುಳಿತ ದೇವಿಯು ಲಕ್ಷಣದಿಂದ ಭಾರತೀಯಳು; ಕುಂಚದ ನಯಗಾರಿಕೆ ಇರಾನಿನದು. ಇಬ್ರಾಹಿಮನು ತನ್ನನ್ನು ಗಣಪತಿ ಮತ್ತು ಸರಸ್ವತಿಯರ ಮಗನೆಂದು ಹೇಳಿಕೊಳ್ಳುವ, ನವರಸದ ಭಾವಕ್ಕೆ ಒಪ್ಪುವ ಬರೆಹವೂ ಆ ಚಿತ್ರದಲ್ಲಿದೆ. ಅರಸನ ಮಾತು ಮತ್ತು ಚಿತ್ರಕಾರನ ಕೈ ಒಂದೇ ಹಾಳೆಯ ಮೇಲೆ ಸಂಧಿಸಿದ ಅಪರೂಪದ ಕ್ಷಣವಿದು. ಈ ಫರ್ರುಖ ಹುಸೇನನೇ ಅಕ್ಬರ, ಜಹಾಂಗೀರರ ಆಸ್ಥಾನದ ಫರ್ರುಖ ಬೇಗನೆಂದು ರಾಬರ್ಟ್ ಸ್ಕೆಲ್ಟನ್ 1957ರಲ್ಲಿ ವಾದಿಸಿದರು. ತಂಬೂರಿ ನುಡಿಸುತ್ತ ಕುಳಿತ ಇಬ್ರಾಹಿಮನ ಭಾವಚಿತ್ರವೊಂದು ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದು, ಅದರ ಮೇಲಿನ ಬರೆಹವು ಫರ್ರುಖ ಬೇಗನನ್ನು ಹೆಸರಿಸುವುದರಿಂದ ಆ ವಾದಕ್ಕೆ ಬಲ ಬಂದಿದೆ. ಬಹುಮಂದಿ ಅದನ್ನು ಒಪ್ಪಿದ್ದಾರೆ. ಹಾಡಿನಲ್ಲಿ ಕೇಳಿದ ತಂಬೂರಿಯನ್ನು ಚಿತ್ರದಲ್ಲಿ ಅರಸನ ಕೈಯಲ್ಲಿ ಕಂಡಾಗ ಗೀತವೂ ಚಿತ್ರವೂ ಒಂದೇ ಸಂಸಾರದ ಮಕ್ಕಳೆಂಬುದು ಮನದಟ್ಟಾಗುತ್ತದೆ.

ಲಿಪಿಕಾರ ಖಲೀಲುಲ್ಲಾನ ಕಥೆ ಇನ್ನೂ ಸ್ವಾರಸ್ಯದ್ದು. ಇರಾನಿನಿಂದ ಬಂದ ಈತನು ನಸ್ತಾಲೀಕ್ ಎಂಬ, ಓರೆಯಾಗಿ ಇಳಿದು ತೂಗಾಡುವಂತೆ ಕಾಣುವ ಲಿಪಿಯಲ್ಲಿ ಸಿದ್ಧಹಸ್ತ. ಖಲೀಲನೆಂದರೆ ದೇವರ ಗೆಳೆಯನಾದ ಇಬ್ರಾಹಿಮ ಪ್ರವಾದಿ. ಆ ಪ್ರವಾದಿ ವಿಗ್ರಹಗಳನ್ನು ಒಡೆದವನಾದುದರಿಂದ ಲಿಪಿಕಾರನಿಗೆ 'ಬುತ್‌ಶಿಕನ್', ಅಂದರೆ ವಿಗ್ರಹಭಂಜಕ, ಎಂಬ ಬಿರುದು ಅಂಟಿಕೊಂಡಿತ್ತು. ಈ ವಿಗ್ರಹಭಂಜಕನ ಲೇಖನಿಯೇ ಸರಸ್ವತಿಯ, ಗಣಪತಿಯ, ಶಿವರೂಪಿ ಭೈರವನ ಹಾಡುಗಳನ್ನು ಅಂದವಾಗಿ ಬರೆದಿತು! ಆ ಆಸ್ಥಾನದಲ್ಲಿ ಇದಾರಿಗೂ ವಿಪರೀತವೆನಿಸಿದಂತೆ ಕಾಣುವುದಿಲ್ಲ. 1618ರಲ್ಲಿ ಅವನು ನವರಸದ ಒಂದು ಪ್ರತಿಯನ್ನು ಸಿದ್ಧಗೊಳಿಸಿ ಅರಸನಿಗೆ ಅರ್ಪಿಸಿದನು. ಅರಸನು ಮೆಚ್ಚಿ 'ಪಾದಶಾಹ್-ಎ-ಕಲಮ್', ಲೇಖನಿಯ ಚಕ್ರವರ್ತಿ, ಎಂಬ ಬಿರುದಿತ್ತು, ತನ್ನ ಸಿಂಹಾಸನದ ಮೇಲೆಯೇ ಅವನನ್ನು ಕುಳ್ಳಿರಿಸಿ ಗೌರವಿಸಿದನೆಂದು ಪ್ರಸಿದ್ಧಿ. ಕವಿಯು ಅರಸ, ಲಿಪಿಕಾರನು ಸೇವಕ. ಆದರೆ ಕವಿಯ ಮಾತು ಲಿಪಿಕಾರನ ಕೈಯಲ್ಲಿ ಪೂರ್ಣರೂಪ ತಾಳಿದಾಗ, ಕ್ಷಣಹೊತ್ತಾದರೂ, ಆಸನಗಳು ಬದಲಾದವು.

ಆ ವರ್ಷವನ್ನು ಸ್ವಲ್ಪ ನಿಂತು ನೋಡಬೇಕು. ಮುನ್ನುಡಿ ಬರೆದ ಜಹೂರಿಯೂ ಅವನ ಮಾವ ಮಲಿಕ್ ಕುಮ್ಮಿಯೂ ಅಷ್ಟರಲ್ಲಿ ಕಾಲವಾಗಿದ್ದರು. ಫರ್ರುಖ ಬೇಗನೇ ಫರ್ರುಖ ಹುಸೇನನಾಗಿದ್ದರೆ ಅವನೂ ಸುಮಾರು 10 ವರ್ಷ ಮೊದಲೇ ಮೊಗಲರ ಕಡೆಗೆ ಹೋಗಿದ್ದನು. ಕೂಡಿ ದುಡಿದ ಗುಂಪಿನಲ್ಲಿ ಉಳಿದವರು ಕವಿಯಾದ ಅರಸ ಮತ್ತು ಲಿಪಿಕಾರ, ಇಬ್ಬರೇ. ಸಿಂಹಾಸನದ ಮೇಲೆ ಲಿಪಿಕಾರನನ್ನು ಕೂರಿಸಿದ ಆ ಸಡಗರದ ಹಿಂದೆ ಮುಪ್ಪಿನ ನೆರಳಿತ್ತೆಂದು ಭಾವಿಸಿದರೆ ತಪ್ಪಾಗದು. ಮುಂದಿನ 6 ವರ್ಷಗಳಲ್ಲಿ, 1624ರಲ್ಲಿ, ಅಹಮದನಗರದ ಮಲಿಕ್ ಅಂಬರನ ಸೈನ್ಯ ನವರಸಪುರವನ್ನು ಸೂರೆಮಾಡಿ ಕೆಡಹಿತು. ಅದು ಮತ್ತೆ ಮೇಲೇಳಲಿಲ್ಲ. 1627ರಲ್ಲಿ ಅರಸನು ತೀರಿಕೊಂಡನು.

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದಮೇಲೆ ಅರಮನೆಯ ಗ್ರಂಥಗಳು ಚೆದರಿದವು. ಅಳಿದುಳಿದು ಅಸರಮಹಲಿನಲ್ಲಿ ಧೂಳು ಹಿಡಿದು ಕುಳಿತಿದ್ದ ನೂರಾರು ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನ ಗ್ರಂಥಾಲಯಕ್ಕೆ ಸಾಗಿಸಲಾಯಿತು. ಆ ಸಂಗ್ರಹ ಈಗ ಬ್ರಿಟಿಷ್ ಲೈಬ್ರರಿಯದು. ಹೋಗದೆ ಇದ್ದಿದ್ದರೆ ಗೆದ್ದಲಿಗೆ ಆಹಾರವಾಗುತ್ತಿದ್ದವು ಎಂದು ಸಮಾಧಾನ ಹೇಳುವವರಿದ್ದಾರೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ಸಮಾಧಾನವೂ ಅಲ್ಲ. ಅದೇ ಊರಿನಲ್ಲಿ 70 ವರ್ಷಗಳ ತರುವಾಯ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕಲೆಹಾಕಿದ ಓಲೆಗರಿಗಳಿಂದ ವಚನಶಾಸ್ತ್ರಸಾರದ ಮೊದಲ ಭಾಗವನ್ನು 1923ರಲ್ಲಿ ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ವಚನಗಳ ಸುದೈವ, ಅವನ್ನು ಹುಡುಕುವವರು ಊರಿನಲ್ಲಿಯೇ ಹುಟ್ಟಿದರು. ವಚನವು ಮಾತಿನ ಸಂಪತ್ತಾದುದರಿಂದ ಅಚ್ಚಿನಲ್ಲಿ ಅದಕ್ಕೆ ನಷ್ಟವಾಗಲಿಲ್ಲ. ನವರಸದ ಸ್ಥಿತಿ ಬೇರೆ. ವಿದ್ವಾಂಸರಾದ ನಜೀರ್ ಅಹಮದರು ಹಲವು ಪ್ರತಿಗಳನ್ನು ಹೋಲಿಸಿ 1956ರಲ್ಲಿ ಅದರ ಪಠ್ಯವನ್ನು ಪ್ರಕಟಿಸಿ ಮಹದುಪಕಾರ ಮಾಡಿದರು. ಆದರೆ ಅಚ್ಚಿನ ಮೊಳೆಯಲ್ಲಿ ಬಂದದ್ದು ಅರಸನ ಪಾಲು ಮಾತ್ರ. ಖಲೀಲುಲ್ಲಾನ ಪಾಲು ಹಿಂದೆ ಉಳಿಯಿತು. ಅವನ ಕೈಯ ನವರಸದ ಹಾಳೆಗಳು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಹಾಡನ್ನು ಓದುವವನು ಹಾಳೆಯನ್ನು ಕಾಣಲಾರ, ಹಾಳೆಯನ್ನು ಕಾಣುವವನಿಗೆ ಬಹುಮಟ್ಟಿಗೆ ಹಾಡು ತಿಳಿಯದು.

2014ರಿಂದ ವಿಜಯಪುರವೆಂದು ಕರೆಯಲ್ಪಡುವ ಊರಿನಲ್ಲಿ ಆ ಕಾಲದ ಲಿಪಿಕಾರರ ಕೆಲಸವನ್ನು ಕಾಣಬಯಸುವವರು ಕೋಟೆಯ ಪಡುವಣಕ್ಕಿರುವ ಇಬ್ರಾಹಿಮ ರೋಜಾಕ್ಕೆ ಹೋಗಬೇಕು. ಮಲಿಕ್ ಸಂದಲನು ಕಟ್ಟಿದ ಆ ಸಮಾಧಿಗೆ ಒಂದೂವರೆ ಲಕ್ಷ ಹೊನ್ನಿನ ಮೇಲೆ 900 ವೆಚ್ಚವಾಯಿತೆಂದು ಅಲ್ಲಿನ ಶಾಸನವು ಲೆಕ್ಕ ಒಪ್ಪಿಸುತ್ತದೆ. ಗೋಡೆಗಳು ಹೊತ್ತಗೆಯ ಪುಟಗಳಂತೆ ಅಂಚುಕಟ್ಟು, ಬಳ್ಳಿ, ಬರೆಹಗಳಿಂದ ತುಂಬಿವೆ. ಕಿಟಕಿಗಳ ಮೇಲ್ಭಾಗದ ಕಲ್ಲಿನ ಜಾಲಂಧ್ರಗಳು ಬರಿಯ ಜಾಲಂಧ್ರಗಳಲ್ಲ. ಅರಬ್ಬಿ ಅಕ್ಷರಗಳನ್ನೇ ಒಂದರೊಳಗೊಂದು ಹೆಣೆದು, ನಡುವಿನ ಕಲ್ಲನ್ನು ಕೊರೆದು ತೆಗೆದು ಮಾಡಿದವು. ಒಳಗೆ ನಿಂತವನಿಗೆ ಬೆಳಕು ಆ ಅಕ್ಷರಗಳ ಸಂದಿನಿಂದಲೇ ಬರುತ್ತದೆ.